ಕೊಟ್ರಪ್ಪನವರ ಇಂಗ್ಲಿಷ್ ಬೆಂಚು

ಪುಸ್ತಕ ಓದಿ ಕಲಿಯಲಾಗದ ವಿದ್ಯೆ ಈ ಭೂಮಿಯ ಮೇಲೆ ಯಾವುದೂ ಇಲ್ಲ ಎಂಬುದು ಕೊಟ್ರಪ್ಪನವರ ನಂಬಿಕೆ. ಈ ನಂಬಿಕೆ ಅವರಿಗೆ ಎಲ್ಲಿಂದ ಅಂಟಿಕೊಂಡಿತೋ ಹೇಳುವುದು ಕಷ್ಟ. ಕೂಡ್ಲಿಗಿ ಕಡೆಯ ಅವರ ಹಳ್ಳಿಮನೆಯಲ್ಲಿ ಪಂಚಾಂಗ ಬಿಟ್ಟರೆ ಬೇರೆ ಪುಸ್ತಕವೇ ಇರಲಿಲ್ಲ. ಅದನ್ನೂ ಪಕ್ಕದ ಮನೆಯವರು ಬಂದು ಓದಿ ಹೇಳಬೇಕಿತ್ತು. ಬೆಂಗಳೂರಿಗೆ ಬಂದು ಸರ್ಕಾರಿ ಕಚೇರಿಯೊಂದರಲ್ಲಿ ಟಪಾಲು ಗುಮಾಸ್ತರಾಗಿ, ಶನಿವಾರ ಮಧ್ಯಾಹ್ನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳನ್ನು ಸುತ್ತುವ ಚಟ ಹತ್ತಿದ ಮೇಲೆ ಅವರು ನೋಡನೋಡುತ್ತಲೇ ಎಲ್ಲ ವಿದ್ಯೆಗಳಿಗೂ ಕೈ ಹಾಕಿದರು.

ಈಜು ಕಲಿತದ್ದೂ ಹೀಗೆಯೇ. ಮಂಚದ ಮೇಲೆ ಬೋರಲು ಮಲಗಿ, ಪುಸ್ತಕವನ್ನು ದಿಂಬಿಗೆ ಒರಗಿಸಿ, ಚಿತ್ರದಲ್ಲಿದ್ದಂತೆ ಕೈಕಾಲು ಬಡಿಯುವುದು. ಮೊದಲ ದಿನ ಇದನ್ನು ಕಂಡ ಹೆಂಡತಿ ಉಮಾಮಹೇಶ್ವರಿಯವರು, ಗಂಡನಿಗೆ ಮೂರ್ಛೆರೋಗ ಬಂತೆಂದು ಹೆದರಿ ಅವರ ಕೈಗೆ ಕಬ್ಬಿಣದ ಸೌಟು ತುರುಕಿದ್ದರು. ಮೂರು ತಿಂಗಳ ಅಭ್ಯಾಸ ಮುಗಿಸಿ ಕೊಟ್ರಪ್ಪನವರು ಯಡಿಯೂರು ಕೆರೆಗೆ ಇಳಿದರು, ಇಳಿದವರು ನೇರವಾಗಿ ತಳ ಸೇರಿದರು. ಪುಣ್ಯಕ್ಕೆ ಆ ಜಾಗದಲ್ಲಿ ನೀರಿದ್ದದ್ದು ಸೊಂಟದವರೆಗೆ. ಎದ್ದು ನಿಂತು, ಮುಖದ ಕೆಸರು ಒರೆಸಿಕೊಂಡು ಅವರು ಹೇಳಿದ್ದು, "ಪುಸ್ತಕದಲ್ಲಿರೋದು ನಿಂತ ನೀರಿನ ಈಜು. ಇಲ್ಲಿ ಎಮ್ಮೆಗಳು ಅಲೆ ಎಬ್ಬಿಸ್ತಿವೆ." ತಪ್ಪು ಎಮ್ಮೆಗಳದಾಯಿತು, ಪುಸ್ತಕದ್ದಾಗಲಿಲ್ಲ.

ಇಂಥವರ ಜೊತೆ ಹನ್ನೊಂದು ವರ್ಷ ಸಂಸಾರ ಮಾಡಿದ ಉಮಾಮಹೇಶ್ವರಿಯವರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಒಂದು ಆಸೆ. ಅದು ಒಡವೆಯಲ್ಲ, ಸೀರೆಯಲ್ಲ. ಒಂದು ಹೊಸ್ತಿಲು.

ನಗುವವರು ನಗಬಹುದು. ಆದರೆ ಸಜ್ಜನರಾವ್ ಸರ್ಕಲ್ ಹತ್ತಿರದ ಆ ವಠಾರದಲ್ಲಿ ಒಂದು ದಿನವಾದರೂ ಇದ್ದವರು ನಗುವುದಿಲ್ಲ. ಮರದ ಹೊಸ್ತಿಲಿದ್ದದ್ದು ಮುಂಬಾಗಿಲಿಗೆ ಮಾತ್ರ, ಅದು ಮನೆ ಒಡತಿ ಕಮಲಾದೇವಿಯವರ ಸೊತ್ತು. ಬೆಳಿಗ್ಗೆ ಎದ್ದು ಅದಕ್ಕೆ ಅರಿಶಿನ ಸವರಿ, ಕುಂಕುಮ ಇಟ್ಟು, ಹೂ ಏರಿಸುವ ಹಕ್ಕು ಅವರೊಬ್ಬರದೇ. ಬಾಡಿಗೆಯವರ ಕೋಣೆಗಳ ಬಾಗಿಲಿಗೆ ಬರೀ ಸಿಮೆಂಟು. ಉಮಾಮಹೇಶ್ವರಿಯವರು ಬಂದ ಹೊಸದರಲ್ಲಿ ಆ ಸಿಮೆಂಟಿಗೇ ಅರಿಶಿನ ಹಚ್ಚಿದ್ದರು. ಕಮಲಾದೇವಿ ಅದನ್ನು ನೋಡಿ, "ಅಯ್ಯೋ, ಹೊಸ್ತಿಲೇ ಇಲ್ವಲ್ಲಮ್ಮ ನಿಮಗೆ. ನೆಲಕ್ಯಾಕೆ ಅರಿಶಿನ ದಂಡ ಮಾಡ್ತೀರ?" ಎಂದಿದ್ದರು. ಎಲ್ಲರೆದುರಿಗೆ, ಬಾವಿಕಟ್ಟೆಯಲ್ಲಿ ನಿಂತು. ಆ ಮಾತು ಎದೆಯಲ್ಲಿ ಹಾಗೇ ಕೂತಿತ್ತು.

ಅದಕ್ಕೇ, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮೂವತ್ತು ನಲವತ್ತರ ಸೈಟು ಸಿಕ್ಕಿತೆಂದು ಕೊಟ್ರಪ್ಪನವರು ಕಾಗದ ಹಿಡಿದು ಓಡಿ ಬಂದಾಗ ಅವರು ಕೇಳಿದ ಮೊದಲ ಪ್ರಶ್ನೆ, ಮುಂಬಾಗಿಲು ಯಾವ ದಿಕ್ಕಿಗೆ ಬರುತ್ತೆ ಎಂದು.

ಆಗ ಅಲ್ಲಿ ನಾಲ್ಕನೇ ಬ್ಲಾಕು ಅಂದರೆ ಕಲ್ಲು ನೆಟ್ಟ ಹೊಲ. ರಸ್ತೆಗೆ ಗೆರೆ ಎಳೆದಿದ್ದರು, ರಸ್ತೆ ಇನ್ನೂ ಬಂದಿರಲಿಲ್ಲ. ಸೈಟಿನ ಪಕ್ಕದಲ್ಲಿ ತಿಮ್ಮರಾಯಪ್ಪನವರ ಮನೆ ಮತ್ತು ದನದ ಕೊಟ್ಟಿಗೆ. ಎರಡು ವರ್ಷದ ಹಿಂದೆ ಕೊಟ್ರಪ್ಪನವರ ಅಡುಗೆಮನೆ ಬರುವ ಜಾಗದಲ್ಲಿ ಅವರು ರಾಗಿ ಬೆಳೆದಿದ್ದರು. ಈಗ ಹೊಲ ಹೋಗಿ ಹಸುಗಳು ಉಳಿದಿದ್ದವು, ಮತ್ತು ಬೇಕಾದಷ್ಟು ಬಿಡುವು. ಆ ಬಿಡುವನ್ನೆಲ್ಲ ಅವರು ಕೊಟ್ರಪ್ಪನವರನ್ನು ನೋಡುವುದಕ್ಕೆ ಖರ್ಚು ಮಾಡಿದರು.

ನೋಡುವುದಕ್ಕೆ ಬೇಕಾದಷ್ಟಿತ್ತು. ಏಕೆಂದರೆ ಸೈಟು ಸಿಕ್ಕಿದ ವಾರವೇ ಕೊಟ್ರಪ್ಪನವರಿಗೆ ಅವೆನ್ಯೂ ರಸ್ತೆಯಲ್ಲಿ ಮರಗೆಲಸದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ನಾನೂರು ಪುಟ. ತೋಳು ಮಡಚಿದ ಬಿಳಿ ಅಂಗಿ, ಮುಂದೆ ಏಪ್ರನ್ನು, ಬಾಯಲ್ಲಿ ಪೈಪು ಇಟ್ಟುಕೊಂಡ ಒಬ್ಬ ಇಂಗ್ಲಿಷ್ ದೊರೆ ಪುಟ ಪುಟದಲ್ಲೂ ನಿಂತು, ಬೆವರಿಲ್ಲದೆ ಮರ ಕೊಯ್ಯುತ್ತಿದ್ದ. ಕೊಟ್ರಪ್ಪನವರು ಅದನ್ನು ಒಂದೇ ವಾರದಲ್ಲಿ ಓದಿ ಮುಗಿಸಿ, ಮುಖ್ಯ ಸಾಲುಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಅಂಚಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದರು. ಅದು ಅವರ ಅಭ್ಯಾಸ. ಈಜಿನ ಪುಸ್ತಕದಲ್ಲೂ 'ಎಮ್ಮೆ ಇಲ್ಲದ ಕಡೆ' ಎಂದು ಬರೆದಿದ್ದರು.

ಆಮೇಲೆ ಹೆಂಡತಿಗೆ ಹೇಳಿದರು, "ಮುಂಬಾಗಿಲ ಚೌಕಟ್ಟು ನಾನೇ ಮಾಡ್ತೀನಿ."

ಉಮಾಮಹೇಶ್ವರಿಯವರು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. ಬೇಡ ಅನ್ನಬಹುದಿತ್ತು. ಅಂದರೆ ಕೇಳುವ ಆಸಾಮಿಯಲ್ಲ ಎಂದು ಗೊತ್ತಿತ್ತು. "ಮಾಡ್ಕೊಳಿ," ಎಂದರು, "ಆದ್ರೆ ಬಾಗಿಲು ನಿಲ್ಲಿಸೋ ದಿನ ನಾನು ನನ್ನ ಹೊಸ್ತಿಲಿಗೆ ಅರಿಶಿನ ಹಚ್ಬೇಕು. ಅದೊಂದು ತಪ್ಪಿಸ್ಬೇಡಿ. ಬೇರೇನೂ ಕೇಳಲ್ಲ ನಾನು."

"ಹ್ಞೂಂ," ಎಂದರು ಕೊಟ್ರಪ್ಪನವರು ಪುಟ ತಿರುಗಿಸುತ್ತ. "ಎಲ್ಲಾ ಪುಸ್ತಕದಲ್ಲಿದೆ."

ಪುಸ್ತಕದ ಪ್ರಕಾರ ಮರಗೆಲಸಕ್ಕೆ ಮೊದಲು ಬೇಕಾದದ್ದು ಬೆಂಚು. ನಿಂತು ಕೆಲಸ ಮಾಡುವ ಎತ್ತರದ, ಆನೆ ಹತ್ತಿದರೂ ಅಲುಗದ ಬೆಂಚು. ಅದನ್ನು ಮಾಡುವ ವಿಧಾನವನ್ನು ಆ ದೊರೆ ಹತ್ತು ಪುಟ ವಿವರಿಸಿದ್ದ. ಹೇಗೆಂದರೆ, ಮೊದಲು ಕಾಲಿನ ಮರವನ್ನು ಬೆಂಚಿಗೆ ಬಿಗಿಯಬೇಕು. ಕೊಟ್ರಪ್ಪನವರು ಆ ಸಾಲನ್ನು ಮೂರು ಸಲ ಓದಿದರು. ಬೆಂಚು ಮಾಡುವುದಕ್ಕೆ ಬೆಂಚು ಬೇಕು, ಆ ಬೆಂಚು ಎಲ್ಲಿಂದ ತರುವುದು ಎಂಬುದನ್ನು ನಾನೂರು ಪುಟದಲ್ಲಿ ಎಲ್ಲೂ ಬರೆದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಪುಸ್ತಕ ಮುಚ್ಚುತ್ತಿದ್ದರು. ಇವರು ತಿಮ್ಮರಾಯಪ್ಪನವರ ಕೊಟ್ಟಿಗೆಗೆ ಹೋಗಿ, ದನದ ಗೋದಲಿಗೆ ಮರವನ್ನು ಹಗ್ಗದಿಂದ ಬಿಗಿದು ಕೊಯ್ಯಲು ಶುರು ಮಾಡಿದರು. ಹುಲ್ಲು ಬರುತ್ತದೆಂದು ಕಾದು ನಿಂತ ಹಸು ಮರದ ಪುಡಿಯನ್ನು ಮೂಸಿ, ಸೀನಿ, ಆ ದಿನ ಹಾಲು ಕೊಡಲಿಲ್ಲ.

"ಸ್ವಾಮಿ, ಈ ಇಂಗ್ಲೀಸ್ ಕೆಲ್ಸ ಎಷ್ಟು ದಿನ?" ಎಂದು ತಿಮ್ಮರಾಯಪ್ಪನವರು ಕೇಳಿದರು.

"ಎರಡು ಭಾನುವಾರ."

ಎಂಟು ತಿಂಗಳಾಯಿತು. ಆದರೆ ಬೆಂಚೇನೋ ಆಯಿತು, ಅದನ್ನು ಹೇಳಲೇಬೇಕು. ಮುಂಭಾಗಕ್ಕೆ ಮೂರಿಂಚು ದಪ್ಪದ, ಐದಡಿ ಉದ್ದದ ಹೊನ್ನೆ ಹಲಗೆ, ಹಿಂದೆ ತೆಳ್ಳನೆಯ ಎರಡು ಹಲಗೆ, ಹಲಗೆಗಳನ್ನು ಕಾಲಿಗೆ ಬಿಗಿದ ಬೋಲ್ಟುಗಳು, ಮರವನ್ನು ತಡೆಯುವ ಗೂಟಕ್ಕೆಂದು ಮುಂದಿನ ಹಲಗೆಯಲ್ಲಿ ಗುಂಡಗೆ ಒಂದು ತೂತು. ಸೈಟಿನ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿಸಿ ಅದರೊಳಗೆ ಬೆಂಚನ್ನು ನಿಲ್ಲಿಸಿದರು. ಹತ್ತು ಜನ ಹೊತ್ತು ತರಬೇಕಾಯಿತು.

ಮನೆಯ ಉಳಿದ ಮರಗೆಲಸವನ್ನು ಅರೆಕೆರೆಯ ರಾಮಯ್ಯಾಚಾರಿಯವರಿಗೆ ವಹಿಸಲಾಗಿತ್ತು. ಅರವತ್ತರ ಹಿರಿಯರು, ಮಾತು ಕಡಿಮೆ. ಅವರು ನೆಲದ ಮೇಲೆ ಕೂತು, ಮರದ ಒಂದು ತುದಿಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಉಳಿ ಹೊಡೆಯುವುದನ್ನು ಕೊಟ್ರಪ್ಪನವರು ಒಂದು ಭಾನುವಾರ ಕಂಡರು. ನೋಡಿಕೊಂಡು ಸುಮ್ಮನಿರಬಹುದಿತ್ತು.

"ಆಚಾರ್ರೇ, ಕೂತ್ಕೊಂಡು ಮಾಡೋದು ಶಾಸ್ತ್ರೀಯ ಅಲ್ಲ. ಬೆನ್ನುಮೂಳೆ ಬಾಗುತ್ತೆ. ಪುಸ್ತಕದಲ್ಲಿ ನೋಡಿ, ಎಲ್ಲಾ ನಿಂತ್ಕೊಂಡೇ. ಕಾಲಿರೋದು ನಿಲ್ಲೋಕೆ, ಮರ ಹಿಡಿಯೋಕಲ್ಲ."

ಆಚಾರಿ ಕೈ ನಿಲ್ಲಿಸದೆ ಹೇಳಿದರು, "ನಮ್ಮಪ್ಪ ಎಪ್ಪತ್ತೆಂಟು ವರ್ಷದವರೆಗೂ ಕೂತೇ ಮಾಡಿದ್ರು ಸ್ವಾಮಿ."

"ಅದಕ್ಕೇ ಹೇಳಿದ್ದು."

"ಸಾಯೋ ದಿನಾನೂ ಬೆನ್ನು ನೆಟ್ಟಗಿತ್ತು."

ಕೊಟ್ರಪ್ಪನವರು ವಿಷಯ ಬದಲಿಸಿ, ಮುಂಬಾಗಿಲ ಚೌಕಟ್ಟನ್ನು ತಾವೇ ಮಾಡುವುದಾಗಿ ತಿಳಿಸಿದರು. ಆಚಾರಿಯ ಕೈ ಆಗ ನಿಂತಿತು. ಮನೆಯ ಮುಂಬಾಗಿಲನ್ನು ನಿಲ್ಲಿಸುವ ದಿನ ಯಜಮಾನ ಆಚಾರಿಗೆ ತಾಂಬೂಲ, ಜೋಡಿ ಪಂಚೆ ಕೊಟ್ಟು ಕೈಮುಗಿಯುತ್ತಾನೆ. ವರ್ಷವಿಡೀ ದುಡಿದರೂ ಮರದವನಿಗೆ ಮರ್ಯಾದೆ ಸಿಗುವುದು ಆ ಒಂದು ದಿನ. ಅವರಿಗೆ ಬೇಸರವಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. "ಮಾಡಿ ಸ್ವಾಮಿ," ಎಂದರು. "ಕೆಳಗಡೇದಕ್ಕೆ ಒಳ್ಳೇ ಮರ ನೋಡ್ಕೊಳಿ."

"ಕೆಳಗಡೆ ಮೇಸ್ತ್ರಿ ನೋಡ್ಕೋತಾನೆ," ಎಂದರು ಕೊಟ್ರಪ್ಪನವರು.

ಆಚಾರಿ ಅವರ ಮುಖವನ್ನು ಒಂದು ಗಳಿಗೆ ನೋಡಿ, ಮತ್ತೆ ಉಳಿ ಎತ್ತಿಕೊಂಡರು.

ಇನ್ನು ಒಂದು ಗುಟ್ಟನ್ನು ಹೇಳಬೇಕು. ಆ ಪುಸ್ತಕದ ದೊರೆ ಆರಡಿ ಆಳು. ಅವನ ಅಳತೆಯ ಬೆಂಚು ಐದಡಿ ಎರಡಿಂಚಿನ ಕೊಟ್ರಪ್ಪನವರ ಎದೆಯ ಹತ್ತಿರ ಬರುತ್ತಿತ್ತು. ಉಜ್ಜುಗೊರಡು ಹಿಡಿದು ನಿಂತರೆ ಮೊಣಕೈಗಳೆರಡೂ ಕಿವಿಯ ಮಟ್ಟಕ್ಕೆ ಏರುತ್ತಿದ್ದವು. ಚಪ್ಪಡಿ ಕಲ್ಲು ಹಾಕಿಕೊಂಡು ಅದರ ಮೇಲೆ ನಿಂತರು, ಎರಡನೇ ದಿನ ಹಿಂದಕ್ಕೆ ಬಿದ್ದರು. ಬೆಂಚಿನ ಕಾಲು ಕತ್ತರಿಸೋಣವೆಂದರೆ ಪುಸ್ತಕಕ್ಕೆ ಅವಮಾನ. ಕೊನೆಗೆ ಒಂದು ಭಾನುವಾರ, ಶೆಡ್ಡಿನ ಬಾಗಿಲನ್ನು ಒಳಗಿನಿಂದ ಭದ್ರವಾಗಿ ಹಾಕಿಕೊಂಡು, ಪಂಚೆ ಎತ್ತಿಕಟ್ಟಿ, ಆ ಭಾರೀ ಬೆಂಚಿನ ಬುಡದಲ್ಲೇ ನೆಲದ ಮೇಲೆ ಕೂತು, ಮರವನ್ನು ಪಾದಗಳ ನಡುವೆ ಹಿಡಿದರು. ಉಳಿ ನೆಟ್ಟಗೆ ಇಳಿಯಿತು. ಮರ ಅಲುಗಲಿಲ್ಲ. ಅವರಿಗೆ ಸಂತೋಷವೂ ಆಯಿತು, ಕಳ್ಳತನ ಮಾಡಿದಂಥ ನಾಚಿಕೆಯೂ ಆಯಿತು.

ಅಲ್ಲಿಂದ ಹತ್ತು ತಿಂಗಳು ಚೌಕಟ್ಟಿನ ಕೆಲಸ ನಡೆದದ್ದು ಹೀಗೆ, ಬಾಗಿಲು ಹಾಕಿಕೊಂಡು. ಬೆಂಚಿನ ಹಲಗೆಯ ಗುಂಡು ತೂತಿಗೆ ಒಂದು ದಿನವೂ ಗೂಟ ಬೀಳಲಿಲ್ಲ. ಯಾರಾದರೂ ತಗಡು ಬಡಿದರೆ ತಟ್ಟನೆ ಎದ್ದು, ಬೆಂಚಿಗೆ ಒರಗಿ ನಿಂತು, ಬೆವರು ಒರೆಸಿಕೊಳ್ಳುತ್ತ ಬಾಗಿಲು ತೆಗೆಯುತ್ತಿದ್ದರು. ಕೂರಲು ಹೊಸಬರಾದ್ದರಿಂದ ಎರಡು ಸಲ ಉಳಿ ಜಾರಿ ಎಡಗಾಲಿನ ಹೆಬ್ಬೆರಳಿಗೆ ತಾಗಿತು. ಬಟ್ಟೆ ಸುತ್ತಿದ ಬೆರಳಿಗೆ ಏನಾಯಿತೆಂದು ಕೇಳಿದವರಿಗೆಲ್ಲ, "ರಸ್ತೆ ಕಲ್ಲು ಎಡವಿದೆ," ಎನ್ನುತ್ತಿದ್ದರು. ರಸ್ತೆಯೇ ಇಲ್ಲದ ಬಡಾವಣೆಯಲ್ಲಿ ಈ ಉತ್ತರವನ್ನು ಎಲ್ಲರೂ ನಂಬಿದರು, ರಾಮಯ್ಯಾಚಾರಿಯೊಬ್ಬರನ್ನು ಬಿಟ್ಟು.

ಈ ಅವಧಿಯಲ್ಲಿ ಉಮಾಮಹೇಶ್ವರಿಯವರು ಇನ್ನೂ ಎರಡು ಸಲ ಕೇಳಿದ್ದರು. ಒಮ್ಮೆ ರೊಟ್ಟಿ ಬಡಿಯುತ್ತ, "ಹೊಸ್ತಿಲು ಎಷ್ಟು ಅಗಲ ಬರುತ್ತೆ ರೀ?" ಎಂದು. ಇನ್ನೊಮ್ಮೆ ಸಂತೆಯಿಂದ ಒಳ್ಳೆಯ ಕೊಂಬಿನ ಅರಿಶಿನ ತಂದು ಕುಟ್ಟಿ ಡಬ್ಬಿಗೆ ತುಂಬುತ್ತ, "ಹೊಸ್ತಿಲಿಗೆ ಪಾಲಿಶ್ ಬೇಡ, ಅರಿಶಿನ ಹಿಡಿಯಲ್ಲ," ಎಂದು. ಎರಡು ಸಲವೂ ಪುಸ್ತಕದ ಹಿಂದಿನಿಂದ ಬಂದ ಉತ್ತರ ಒಂದೇ. ಎಲ್ಲಾ ಪುಸ್ತಕದಲ್ಲಿದೆ.

ಜ್ಯೇಷ್ಠದ ಕೊನೆಯ ಶುಕ್ರವಾರ ಬಾಗಿಲು ನಿಲ್ಲಿಸುವ ಮುಹೂರ್ತ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಮುಗಿಯಬೇಕು. ನಾಳಿದ್ದಿನಿಂದ ಆಷಾಢ. ಪೂಜೆಗೆ ಪರಮಶಿವಯ್ಯನವರು ಬಂದಿದ್ದರು. ತಿಮ್ಮರಾಯಪ್ಪನವರು ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟಿಸಿದ್ದರು. ಕಮಲಾದೇವಿಯವರು ಮೈಸೂರು ರೇಷ್ಮೆಯುಟ್ಟು, ಜಟಕಾದಲ್ಲಿ ಬಂದಿಳಿದಿದ್ದರು. ಅವರನ್ನು ಖುದ್ದಾಗಿ ಹೋಗಿ ಕರೆದದ್ದು ಉಮಾಮಹೇಶ್ವರಿಯವರೇ. ಯಾಕೆ ಕರೆದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎಂಟೂಕಾಲಿಗೆ ಕೊಟ್ರಪ್ಪನವರು ಶೆಡ್ಡಿನಿಂದ ಬಿಡಿಭಾಗಗಳನ್ನು ತರಿಸಿ, ಎರಡು ಕಂಬಕ್ಕೂ ಮೇಲಿನ ಅಡ್ಡಮರವನ್ನು ತಾವೇ ಜೋಡಿಸಿದರು. ಅಡ್ಡಮರದ ತೂತಿನೊಳಗೆ ಕಂಬದ ತುದಿ ಸರಕ್ಕನೆ ಹೋಗಿ ಕೂತಿತು. ಆಳುಗಳು ಚೌಕಟ್ಟನ್ನು ಎತ್ತಿ ನಿಲ್ಲಿಸಿದರು. ಎಲ್ಲರೂ ಓಹೋ ಎಂದರು. ಸುಮ್ಮನೆ ಅಂದದ್ದಲ್ಲ, ಕೆಲಸ ನಿಜವಾಗಿ ಚೆನ್ನಾಗಿತ್ತು. ರಾಮಯ್ಯಾಚಾರಿ ಹತ್ತಿರ ಬಂದು ಜೋಡಣೆಯ ಮೇಲೆ ಉಗುರು ಎಳೆದು ನೋಡಿದರು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕೊಟ್ರಪ್ಪನವರ ಎದೆ ಎರಡಿಂಚು ಉಬ್ಬಿತು.

ಆಗ ಉಮಾಮಹೇಶ್ವರಿಯವರು ಅರಿಶಿನದ ಬಟ್ಟಲು ಹಿಡಿದು ಮುಂದೆ ಬಂದರು. ಸೆರಗು ಸಿಕ್ಕಿಸಿ, ಮಂಡಿಯೂರಿ, ಬೆರಳು ಅದ್ದಿ, ಕೈ ಚಾಚಿದರು. ಕೈ ಗಾಳಿಯಲ್ಲೇ ನಿಂತಿತು. ಎರಡು ಕಂಬಗಳ ನಡುವೆ ಏನೂ ಇರಲಿಲ್ಲ. ಬರೀ ಕಲ್ಲಿನ ಮೆಟ್ಟಿಲು. ಯಾರಾದರೂ ತೆಗೆದು ಪಕ್ಕಕ್ಕಿಟ್ಟಿದ್ದಾರೇನೋ ಎಂಬಂತೆ ಅವರು ಅತ್ತ ಇತ್ತ ನೋಡಿದರು.

"ರೀ, ಹೊಸ್ತಿಲೆಲ್ಲಿ?"

"ಯಾವ ಹೊಸ್ತಿಲು?" ಎಂದುಬಿಟ್ಟರು ಕೊಟ್ರಪ್ಪನವರು.

ಅಂದವರೇ ಅವಸರವಾಗಿ ಪುಸ್ತಕ ತೆರೆದರು. ನೂರ ಎಂಬತ್ತಾರನೇ ಪುಟ. ಅಲ್ಲಿ ಮುಂಬಾಗಿಲಿನ ಚಿತ್ರ, ಎರಡು ಕಂಬ, ಮೇಲೊಂದು ಅಡ್ಡಮರ. ಕೆಳಗೆ ಮರವಿಲ್ಲ, ಅದು ಕಲ್ಲಿನವರ ಕೆಲಸವೆಂದು ಬರೆದಿತ್ತು. ಆ ಸಾಲಿಗೆ ಅವರೇ ಎರಡು ಗೆರೆ ಎಳೆದಿದ್ದರು. ಆ ದೊರೆಯ ಹೆಂಡತಿ ಹೊಸ್ತಿಲಿಗೆ ಅರಿಶಿನ ಹಚ್ಚುವವಳಲ್ಲ ಎಂಬುದು ಹದಿನೆಂಟು ತಿಂಗಳಲ್ಲಿ ಒಂದು ದಿನವೂ ಅವರ ತಲೆಗೆ ಹೊಳೆದಿರಲಿಲ್ಲ. ಹೊಳೆಯದಿದ್ದುದಕ್ಕೆ ಕಾರಣವೂ ಇತ್ತು. ಅವರು ಹುಟ್ಟಿದಾಗಿನಿಂದ ಹೊಸ್ತಿಲನ್ನು ದಾಟಿದ್ದರೇ ಹೊರತು ನೋಡಿರಲಿಲ್ಲ.

ಮೊದಲು ಮಾತಾಡಿದವರು ಕಮಲಾದೇವಿ. "ಹೋಗ್ಲಿ ಬಿಡಿ," ಎಂದರು ತುಂಬ ಕರುಣೆಯಿಂದ. "ಉಮಾಗೆ ಸಿಮೆಂಟಿಗೆ ಹಚ್ಚಿ ಅಭ್ಯಾಸ ಇದೆ."

ಉಮಾಮಹೇಶ್ವರಿಯವರ ಕಣ್ಣು ತುಂಬಿತು. ಅವರು ಕೂಗಾಡಲಿಲ್ಲ. ಗಂಡನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ, "ಮೂರು ಸಲ ಕೇಳ್ದೆ. ಮೂರು ಸಲಾನೂ ಪುಟ ತಿರುಗಿಸಿದ್ರಿ," ಎಂದರು.

ಕೊಟ್ರಪ್ಪನವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕೆರೆಯ ತಳ ಸೇರಿದಾಗಲೂ ಅವರಿಗೆ ಇಷ್ಟು ಅವಮಾನವಾಗಿರಲಿಲ್ಲ. ಇಲ್ಲಿ ದೂರಲು ಎಮ್ಮೆಗಳೂ ಇರಲಿಲ್ಲ.

"ಒಂದು ಮರ ಸಿಕ್ಕಿದ್ರೆ ಈಗ್ಲೂ ಕೂರಿಸ್ಬೋದಲ್ಲ?" ಎಂದು ಪರಮಶಿವಯ್ಯನವರು ಆಚಾರಿಯನ್ನು ಕೇಳಿದರು. "ಇವತ್ತು ಬಿಟ್ರೆ ಶ್ರಾವಣಕ್ಕೇ."

ಮರದ ಡಿಪೋಗಳು ಕಲಾಸಿಪಾಳ್ಯದ ಕಡೆ, ಬಾಗಿಲು ತೆಗೆಯುವುದು ಹತ್ತಕ್ಕೆ. ಗಾಡಿಯಲ್ಲಿ ಬರುವಷ್ಟರಲ್ಲಿ ರಾಹುಕಾಲವೂ ಮುಗಿದು ಊಟವೂ ಆಗಿರುತ್ತದೆ. ತಿಮ್ಮರಾಯಪ್ಪನವರು ಹೆಗಲ ಟವೆಲು ಕೊಡವಿ, "ನಮ್ಮ ಗೋದಲಿ ಮರ ಗಟ್ಟಿಯಾಗೈತೆ, ಕಿತ್ಕೊಡ್ಲಾ?" ಎಂದರು. ಪರಮಶಿವಯ್ಯನವರು ತಲೆಯಾಡಿಸಿದರು. "ಬಳಸಿದ ಮರ ಹೊಸ್ತಿಲಿಗೆ ಆಗಲ್ಲಪ್ಪ."

ರಾಮಯ್ಯಾಚಾರಿ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, ಯಾರಿಗೆಂದಿಲ್ಲದೆ ಹೇಳಿದರು: "ಶೆಡ್ಡಲ್ಲಿ ಒಂದು ಹೊನ್ನೆ ಹಲಗೆ ಐತೆ. ಅಳತೆ ಮಾಡಿಸ್ದಂಗಿದೆ. ಏನ್ ಮಾಡೋದು, ಅದರ ಮೇಲೆ ಸ್ವಾಮಿಗಳು ವರ್ಷಗಟ್ಲೆ ಕೆಲ್ಸ ಮಾಡವ್ರೆ. ಬಳಸಿದ್ದಾಗೋಯ್ತು." ಇಷ್ಟು ಹೇಳಿ, ಕೊಟ್ರಪ್ಪನವರ ಎಡಗಾಲಿನ ಬಟ್ಟೆ ಸುತ್ತಿದ ಹೆಬ್ಬೆರಳನ್ನು ನೋಡುತ್ತ ನಿಂತರು.

ಕೊಟ್ರಪ್ಪನವರೂ ಆ ಬೆರಳನ್ನೇ ನೋಡಿದರು. ಸುಮ್ಮನಿದ್ದರೆ ಬೆಂಚು ಉಳಿಯುತ್ತದೆ, ಪುಸ್ತಕದ ಮಾನ ಉಳಿಯುತ್ತದೆ. ಕಾಲಿರುವುದು ನಿಲ್ಲುವುದಕ್ಕೆ ಎಂದು ಆಚಾರಿಗೆ ಪಾಠ ಹೇಳಿದವರ ಗುಟ್ಟೂ ಉಳಿಯುತ್ತದೆ. ಎದುರಿಗೆ ಹೆಂಡತಿ ಇನ್ನೂ ಮಂಡಿಯೂರಿಯೇ ಕೂತಿದ್ದರು, ಅರಿಶಿನದ ಬೆರಳುಗಳು ಒಣಗಲು ಶುರುವಾಗಿದ್ದವು.

"ಅದು ಬಳಸಿದ್ದಲ್ಲ," ಎಂದರು ಕೊಟ್ರಪ್ಪನವರು.

"ಏನಂದ್ರಿ?" ಎಂದರು ಪರಮಶಿವಯ್ಯನವರು.

"ಆ ಬೆಂಚಿನ ಮೇಲೆ ಒಂದು ದಿನಾನೂ ಕೆಲ್ಸ ಮಾಡಿಲ್ಲ ಅಯ್ಯನೋರೇ. ನನಗೆ ಎಟುಕಲ್ಲ ಅದು."

"ಹಾಗಾದ್ರೆ ಈ ಚೌಕಟ್ಟು?"

"ಕೂತ್ಕೊಂಡು ಮಾಡ್ದೆ. ಬಾಗಿಲು ಹಾಕ್ಕೊಂಡು. ಕಾಲಲ್ಲಿ ಹಿಡ್ಕೊಂಡು, ಆಚಾರ್ರ ಹಂಗೆ."

ಚಪ್ಪರದ ಕೆಳಗಿದ್ದ ಅಷ್ಟೂ ಜನ ನಕ್ಕರು. ತಿಮ್ಮರಾಯಪ್ಪನವರಂತೂ ಕಂಬ ಹಿಡಿದು ನಕ್ಕರು. "ಅಲ್ಲಾ ಸ್ವಾಮಿ, ನಾನು ಒಳಗೆ ಯಾರೋ ಕಳ್ಳ ಆಚಾರೀನ ಇಟ್ಕೊಂಡವ್ರೆ ಅಂದ್ಕೊಂಡಿದ್ನಲ್ಲ!" ನಗದಿದ್ದವರು ರಾಮಯ್ಯಾಚಾರಿ ಮಾತ್ರ. "ನಂಗೊತ್ತಿತ್ತು," ಎಂದರು. "ನಿಂತು ಕೆಲ್ಸ ಮಾಡೋರ ಕಾಲ್ಬೆರಳಿಗೆ ಉಳಿ ಬೀಳಲ್ಲ."

ಎಂಟು ತಿಂಗಳು ಹಿಡಿದ ಬೆಂಚನ್ನು ಬಿಚ್ಚಲು ಹತ್ತು ನಿಮಿಷ ಸಾಕಾಯಿತು. ಬೋಲ್ಟುಗಳನ್ನು ಬಿಚ್ಚುವಾಗ ಕೊಟ್ರಪ್ಪನವರಿಗೆ ಸಂಕಟವಾಯಿತು, ಸುಳ್ಳೇಕೆ. ಆಚಾರಿ ಹಲಗೆಯನ್ನು ಮಣ್ಣಿನ ಮೇಲೆ ಅಡ್ಡ ಹಾಕಿ, ಉದ್ದ ಕೊಯ್ದು, ಎರಡು ತುದಿಯಲ್ಲೂ ಕಂಬ ಕೂರುವ ತೂತಿಗೆ ಗುರುತು ಮಾಡಿ, "ಆ ಕಡೆ ನೀವು, ಈ ಕಡೆ ನಾನು," ಎಂದರು. ಕೊಟ್ರಪ್ಪನವರು ಪಂಚೆ ಎತ್ತಿಕಟ್ಟಿ ಕೂತರು. ಮೊದಲ ಸಲ ಬಯಲಲ್ಲಿ, ನಾಲ್ಕು ಜನರ ಎದುರಿಗೆ. ಒಂದೇ ಹಲಗೆಯ ಮೇಲೆ ನಾಲ್ಕು ಪಾದಗಳು. ಕೊಡತಿಯ ಏಟುಗಳು ಮೊದಮೊದಲು ಒಂದೊಂದು ದಾರಿ ಹಿಡಿದವು, ಆಮೇಲೆ ಒಟ್ಟಿಗೇ ಬೀಳತೊಡಗಿದವು.

ಕಂಬಗಳ ಬುಡವನ್ನೂ ತೂತಿಗೆ ಸರಿಯಾಗಿ ಕೆತ್ತಬೇಕಿತ್ತು. ಹಾಗೆ ಕೆತ್ತಿದರೆ ಬಾಗಿಲು ಒಂದೂವರೆ ಇಂಚು ಗಿಡ್ಡವಾಗುತ್ತದೆ ಎಂದು ಕೊಟ್ರಪ್ಪನವರು ಹೇಳಿದರು. ಪುಸ್ತಕದ ಅಳತೆ ಆರಡಿ ಎಂಟಿಂಚು.

"ನಿಮ್ಮ ತಲೆ ಮೇಲೆ ಇನ್ನೊಬ್ಬ ಕೂತ್ಕೊಂಡು ಬರೋ ಅಷ್ಟು ಜಾಗ ಐತೆ," ಎಂದರು ಆಚಾರಿ. ಹದಿನೆಂಟು ತಿಂಗಳಲ್ಲಿ ಅವರಾಡಿದ ಮೊದಲ ತಮಾಷೆ ಅದು.

ಹತ್ತೂಕಾಲಿಗೆ ಚೌಕಟ್ಟು ಮತ್ತೆ ಎದ್ದು ನಿಂತಿತು, ಈ ಸಲ ನಾಲ್ಕು ಕಡೆಯೂ. ಹೊಸ್ತಿಲಿನ ಮಧ್ಯಕ್ಕೆ ಸ್ವಲ್ಪ ಎಡಗಡೆ ಬೆಂಚಿನ ಗೂಟದ ಗುಂಡು ತೂತು ಹಾಗೇ ಉಳಿದಿತ್ತು, ಮುಚ್ಚಲು ಹೊತ್ತಿರಲಿಲ್ಲ. ಪರಮಶಿವಯ್ಯನವರು ಅದನ್ನು ನೋಡಿ ಗಡಿಯಾರ ನೋಡಿ, "ಶಿವ ಒಪ್ತಾನೆ," ಎಂದರು.

ಉಮಾಮಹೇಶ್ವರಿಯವರು ಅರಿಶಿನವನ್ನು ಮತ್ತೆ ನೀರಿನಲ್ಲಿ ಕಲಸಿಕೊಂಡು ಬಂದು ಕೂತರು. ಮೂರೂವರೆ ಅಡಿ ಹೊಸ್ತಿಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. ಆದರೆ ಅವರು ಒಂದು ತುದಿಯಿಂದ ಇನ್ನೊಂದು ತುದಿಗೆ, ಮತ್ತೆ ಅಲ್ಲಿಂದ ಇಲ್ಲಿಗೆ, ಮಗುವಿಗೆ ಎಣ್ಣೆ ಹಚ್ಚುವಂತೆ ನಿಧಾನವಾಗಿ ಸವರಿದರು. ಪಾಲಿಶ್ ಕಾಣದ ಹೊನ್ನೆ ಮರ ಅರಿಶಿನವನ್ನು ಚೆನ್ನಾಗಿ ಹೀರಿಕೊಂಡಿತು. ಇಷ್ಟು ವರ್ಷ ಕಾದದ್ದು ಅವರ ಕೈಯಲ್ಲಿ ಕಾಣುತ್ತಿತ್ತು. ಕುಂಕುಮವಿಟ್ಟು, ಸೇವಂತಿಗೆಯೊಂದನ್ನು ಆ ತೂತಿನೊಳಗೆ ಸಿಕ್ಕಿಸಿದರು. ಹೂ ನೆಟ್ಟಗೆ ನಿಂತಿತು.

"ಇದೇನಮ್ಮ, ಹೊಸ್ತಿಲಲ್ಲಿ ತೂತು?" ಎಂದರು ಕಮಲಾದೇವಿ.

"ನಮ್ಮನೆ ಹೊಸ್ತಿಲು ಇರೋದೇ ಹಾಗೆ," ಎಂದರು ಉಮಾಮಹೇಶ್ವರಿಯವರು, ತಲೆಯೆತ್ತದೆ.

ತಾಂಬೂಲದ ಹೊತ್ತಿಗೆ ಇನ್ನೊಂದು ಪೇಚು. ತಟ್ಟೆಯಲ್ಲಿದ್ದದ್ದು ಒಂದು ಜೋಡಿ ಪಂಚೆ, ಕೆಲಸ ಮಾಡಿದವರು ಇಬ್ಬರು. ಕೊಟ್ರಪ್ಪನವರು ತಟ್ಟೆಯನ್ನು ಆಚಾರಿಯ ಮುಂದೆ ಹಿಡಿದು ಕೈಮುಗಿದರು. ಆಚಾರಿ ಜೋಡಿಯನ್ನು ಬಿಡಿಸಿ, ಒಂದನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಇನ್ನೊಂದನ್ನು ಕೊಟ್ರಪ್ಪನವರ ಹೆಗಲಿಗೆ ಹಾಕಿದರು. ಹೋಗುವಾಗ, "ಬೆರಳಿಗೆ ಹಲಸಿನ ಮೇಣ ಹಚ್ಕೊಳಿ," ಎಂದಷ್ಟೇ ಹೇಳಿದರು.

ಊಟವಾಗಿ ನೆಂಟರಿಷ್ಟರು ಹೊರಟ ಮೇಲೆ ಕೊಟ್ರಪ್ಪನವರು ಖಾಲಿಯಾದ ಶೆಡ್ಡಿನಲ್ಲಿ, ನೆಲದ ಮೇಲೆ, ಪುಸ್ತಕ ತೆರೆದುಕೊಂಡು ಕೂತರು. ನೂರ ಎಂಬತ್ತಾರನೇ ಪುಟ. ಪೈಪಿನ ದೊರೆ ಏನೂ ಆಗಿಲ್ಲವೆಂಬಂತೆ ನಿಂತೇ ಇದ್ದ. ಚಿತ್ರದ ಎರಡು ಕಂಬಗಳ ಕೆಳಗೆ ಅವರು ಪೆನ್ಸಿಲಿನಿಂದ ಒಂದು ದಪ್ಪ ಗೆರೆ ಎಳೆದರು. ಅಂಚಿನಲ್ಲಿ ಎಂದಿನಂತೆ ಟಿಪ್ಪಣಿ ಬರೆದರು: 'ಕೆಲಸಕ್ಕೆ ಕೂರುವಾಗ ಹೆಂಡತಿಯನ್ನೂ ಒಮ್ಮೆ ಕೇಳುವುದು.'

ಕಾಫಿ ತಂದ ಉಮಾಮಹೇಶ್ವರಿಯವರು ಲೋಟ ಕೆಳಗಿಟ್ಟು, ಗಂಡನ ಭುಜದ ಮೇಲಿಂದ ಬಗ್ಗಿ ಅದನ್ನು ಓದಿದರು. ಕೊಟ್ರಪ್ಪನವರು ಪುಟ ತಿರುಗಿಸಲಿಲ್ಲ. ಉಮಾಮಹೇಶ್ವರಿಯವರು ಅವರ ಕೈಯಿಂದ ಪೆನ್ಸಿಲು ತೆಗೆದುಕೊಂಡು, 'ಒಮ್ಮೆ' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ 'ಮೊದಲೇ' ಎಂದು ಬರೆದರು. ಪುಟದ ಮೇಲೆ ಅವರ ಅರಿಶಿನದ ಹೆಬ್ಬೆರಳಿನ ಗುರುತು ಮೂಡಿತು.